ಮಧ್ಯಾಹ್ನ ಎತ್ತದ ಫೋನು

ಗಾಣಗಾಪುರ ಠಾಣೆಗೆ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ದೂರು ಬಂತು. ತಂದವನು ಜೇವರ್ಗಿಯಲ್ಲಿ ಔಷಧದ ಅಂಗಡಿ ಇಟ್ಟಿರುವ ಶರಣಕುಮಾರ. ವೆಬ್‌ಸೈಟಿನಲ್ಲಿ ಅಗ್ಗಕ್ಕೆ ಸಿಕ್ಕ ರೂಮಿಗೆ ಮುಂಗಡ ಕಟ್ಟಿ, ಹಿಂದಿನ ದಿನ ಹೆಂಡತಿ ಮಕ್ಕಳೊಂದಿಗೆ ಲಾಡ್ಜಿಗೆ ಹೋದರೆ ಮ್ಯಾನೇಜರ್ ಅಜರುದ್ದೀನ ಇಲ್ಲವೆಂದು ಕೈಯಲ್ಲಾಡಿಸಿಬಿಟ್ಟಿದ್ದ. ಸೈಟು ತಮ್ಮದಲ್ಲ, ಬುಕಿಂಗ್ ಗೊತ್ತಿಲ್ಲ, ಫೋಟೊ ಮಾತ್ರ ತಮ್ಮ ಲಾಡ್ಜಿನದು.

"ಸೈಟ್ ತೋರಿಸ್ರಿ," ಎಂದ ಇನ್‌ಸ್ಪೆಕ್ಟರ್ ಶಾಂತಕುಮಾರ.

ನೋಡಿದವನು ಫೋನನ್ನು ಕಣ್ಣಿಗೆ ಹತ್ತಿರ ಹಿಡಿದ. ನೀಲಿ ಪರದೆ, ಕಿಟಕಿಯಾಚೆ ಗುಡಿಯ ಶಿಖರ. ಇದೇ ಫೋಟೊವನ್ನು ಹೋದ ವಾರ ಹೆಂಡತಿ ರಾಧಿಕಾ ಚಹಾದ ಹೊತ್ತಿನಲ್ಲಿ ಅವನ ಮೂಗಿನ ಮುಂದೆ ಹಿಡಿದಿದ್ದಳು. ನಾಲ್ಕಾರು ಸೈಟು ತೆರೆದು ಯಾವುದರಲ್ಲಿ ಕಡಿಮೆ ಎಂದು ಜಾಲಾಡುವುದು ಅವಳ ಖಯಾಲಿ. ಹೋಗುವ ಊರು ಇರಲಿ ಬಿಡಲಿ, ವಿಮಾನದ ಟಿಕೆಟಿನ ರೇಟು ಅವಳಿಗೆ ಗೊತ್ತಿರಲೇಬೇಕು. ಈ ಸಲ ಹುಡುಕಿ ರೂಮ್ ಬುಕ್ ಮಾಡಿದ್ದು ತನ್ನ ತಾಯಿ ಮಲ್ಕಮ್ಮನಿಗಾಗಿ. ಮೊಣಕಾಲು ಆಪರೇಷನ್ ಆಗಿ ನಡೆಯುವಂತಾದರೆ ದತ್ತನ ಕ್ಷೇತ್ರ ಗಾಣಗಾಪುರದಲ್ಲಿ ಮೂರು ರಾತ್ರಿ ಇದ್ದು, ಮನೆಮನೆಯಲ್ಲಿ ನೀಡುವ ಮಧುಕರಿ ಭಿಕ್ಷೆಯನ್ನೇ ಉಣ್ಣುವುದಾಗಿ ಆಳಂದದ ಆ ಮುದುಕಿ ಹರಕೆ ಹೊತ್ತಿದ್ದಳು. "ಅಫಜಲಪುರದ ಕ್ವಾರ್ಟರ್ಸಿಗೆ ಬರ್ರಿ," ಎಂದು ಅಳಿಯ ಕರೆದರೂ ಒಪ್ಪಿರಲಿಲ್ಲ. "ಪೊಲೀಸ್ ಜೀಪ್ ತಗೊಂಡು ನನ್ನ ಹಿಂದ ಬರಬ್ಯಾಡ್ರಿ, ಮಂದಿ ನೋಡ್ತಾರ," ಎಂದು ತಾಕೀತು ಬೇರೆ. ನಿನ್ನೆ ಸಂಜೆಯೇ ಗಾಣಗಾಪುರಕ್ಕೆ ಬಂದಿರಬೇಕು. ಫೋನನ್ನು ಆಳಂದದಲ್ಲೇ ಇಟ್ಟು ಬಂದಿದ್ದಳು.

ಶಾಂತಕುಮಾರ ಹೊರಗೆ ಬಂದು ಹೆಂಡತಿಗೆ ಫೋನ್ ಮಾಡಿದ.

"ಅತ್ತಿಯವ್ರು ಎಲ್ಲಿ ಅದಾರ?"

"ನಿಮ್ಮ ಊರಾಗ. ಲಾಡ್ಜಿನಾಗ."

"ಅಲ್ಲಿ ಆ ಬುಕಿಂಗೇ ಇಲ್ಲ. ಸೈಟ್ ಖೊಟ್ಟಿ ಅದ."

"ನೀವು ಇನ್‌ಸ್ಪೆಕ್ಟರ್ ಇದ್ದ ಊರಾಗ ನಮ್ಮವ್ವ ಕಳೀತಾಳೇನ್ರಿ?"

ಅವನು ಫೋನಿಟ್ಟು ಒಳಗೆ ಹೋದ. ವಂಚನೆಯ ಕಲಂ ಮತ್ತು ಐಟಿ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಕಾನ್‌ಸ್ಟೇಬಲ್ ಅಮೀರ ಲಾಡ್ಜು, ಛತ್ರಗಳನ್ನೆಲ್ಲ ಸುತ್ತಿ ಬಂದ. ಎಲ್ಲ ತುಂಬಿದ್ದವು, ಮಲ್ಕಮ್ಮ ಎಲ್ಲಿಯೂ ಇರಲಿಲ್ಲ. ಆಪರೇಷನ್ ಆದ ಕಾಲಿನ ಹೆಂಗಸು ರಾತ್ರಿಯಿಡೀ ಯಾವ ಕಟ್ಟೆಯ ಮೇಲೆ ಕೂತಿದ್ದಳೋ ಎಂದು ನೆನೆದು ಶಾಂತಕುಮಾರನಿಗೆ ನಿಜಕ್ಕೂ ಭಯವಾಯಿತು.

ಶರಣಕುಮಾರನನ್ನು ಮತ್ತೆ ಕೂಡಿಸಿಕೊಂಡ.

"ಸೈಟಿನ ನಂಬರಿಗೆ ಫೋನ್ ಮಾಡಿದ್ರೇನು?"

"ಮಾಡಿದೆ ಸರ್. ಭಾಳ ಹೊತ್ತು ಎತ್ತಲೇ ಇಲ್ಲ."

"ಆಮೇಲೆ?"

"ಅವನೇ ಮಾಡಿದ. ತಪ್ಪಾಯ್ತ್ರಿ ಅಣ್ಣಾರ, ಲಾಡ್ಜಿನ ನೀರಿನ ಮೋಟಾರ್ ಸುಟ್ಟದ, ಬ್ಯಾರೆ ರೂಮ್ ಕೊಡ್ತೇನಿ, ಅಲ್ಲೇ ನಿಂದರ್ರಿ ಅಂದ. ನನಗ ತಲಿ ಕೆಟ್ಟಿತ್ತು, ಬೈದು ಇಟ್ಟೆ."

"ಎತ್ತದೇ ಇದ್ದದ್ದು ಎಷ್ಟೊತ್ತಿಗೆ?"

"ಮಧ್ಯಾಹ್ನ, ಹನ್ನೆರಡರ ಮ್ಯಾಲ."

ಅಜರುದ್ದೀನನನ್ನು ಕೇಳಿದರೆ, ಹಿಂದೆ ಹೀಗೇ ಬಂದವರೂ ಮಧ್ಯಾಹ್ನ ಫೋನ್ ಎತ್ತುತ್ತಿಲ್ಲ ಎಂದೇ ಗೋಳಾಡಿದ್ದರಂತೆ. ಶಾಂತಕುಮಾರ ಪಕ್ಕದ ಘತ್ತರಗಿಯವನು. ಈ ಊರಿನ ಮಧ್ಯಾಹ್ನ ಎಂದರೇನೆಂದು ಚಿಕ್ಕಂದಿನಿಂದ ಬಲ್ಲ. ಆ ಹೊತ್ತಿಗೆ ದತ್ತ ಯಾವುದಾದರೂ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆಂದು ನಂಬಿಕೆ. ಬಂದವರಲ್ಲಿ ಯಾರು ಅವನೋ ಗೊತ್ತಿಲ್ಲ, ಆದ್ದರಿಂದ ನೀಡುವ ಮನೆಯವರು ಬೇರೆ ಕೆಲಸ ಮುಟ್ಟುವುದಿಲ್ಲ. ದೂರದ ಕಳ್ಳನಿಗೆ ಮಧ್ಯಾಹ್ನವೂ ಒಂದೇ, ಮುಂಜಾನೆಯೂ ಒಂದೇ; ಇವನು ಇದೇ ಊರಿನ, ಭಿಕ್ಷೆ ನೀಡುವ ಮನೆಯವನೇ ಇರಬೇಕು.

"ವಜೀರಾ ಅಕ್ಕಾರ," ಎಂದು ಹೆಡ್ ಕಾನ್‌ಸ್ಟೇಬಲ್ ವಜೀರುನ್ನಿಸಾಳನ್ನು ಕರೆದ, "ಸಾದಾ ಬಟ್ಟಿ ಹಾಕ್ಕೊರ್ರಿ. ಭಿಕ್ಷಾಕ್ಕ ಹೋಗೂಣು."

ಹನ್ನೆರಡು ದಾಟುತ್ತಲೇ ಓಣಿಗಳು ತುಂಬಿದವು. ಶಾಂತಕುಮಾರ ಹೆಗಲಿಗೆ ಜೋಳಿಗೆ ಹಾಕಿ ಭಿಕ್ಷೆಗೆ ಬಂದವರ ಸಾಲಿನಲ್ಲಿ ನಡೆದ. ಹಿಂದೆ ವಜೀರುನ್ನಿಸಾ ಸೆರಗಿನ ಮರೆಯಲ್ಲಿ ಸೈಟಿನ ನಂಬರನ್ನು ಒತ್ತುತ್ತಲೇ ಇದ್ದಳು. ಕಲ್ಲಿನ ಮೆಟ್ಟಿಲ ಹಳೆಯ ಮನೆಯೊಂದರ ಮುಂದೆ ಸದ್ದು ಕೇಳಿಸಿತು. ಒಳಗೆ ಗೋಡೆಯ ಗೂಡಿನಲ್ಲಿ ಫೋನು ಒಂದೇ ಸಮ ಹೊಡೆದುಕೊಳ್ಳುತ್ತಿತ್ತು. ಬಾಗಿಲಲ್ಲಿ ನಿಂತು ರೊಟ್ಟಿ ಪಲ್ಯ ನೀಡುತ್ತಿದ್ದವನು ಅತ್ತ ತಿರುಗಿಯೂ ನೋಡಲಿಲ್ಲ.

ವಜೀರುನ್ನಿಸಾ ಕಾಲ್ ಕಟ್ ಮಾಡಿದಳು. ಸದ್ದು ನಿಂತಿತು. ಮತ್ತೆ ಒತ್ತಿದಳು. ಮತ್ತೆ ಹೊಡೆಯಿತು.

ಅದೇ ಪಡಸಾಲೆಯಲ್ಲಿ ಕಾಲು ಚಾಚಿ, ಮೊಣಕಾಲ ಕೆಳಗೆ ದಿಂಬು ಇಟ್ಟುಕೊಂಡು, ಮಡಿಲಿನ ಭಿಕ್ಷೆಯನ್ನು ಸವಿಯುತ್ತ ಮಲ್ಕಮ್ಮ ಕೂತಿದ್ದಳು.

"ಅಯ್ಯ, ಅಳಿಯಾರ! ಬರ್ರಿ, ನೀವೂ ತಗೋರಿ. ಈ ಗುರುಪಾದಣ್ಣ ಬಸ್‌ಸ್ಟ್ಯಾಂಡಿನಿಂದ ನನ್ನ ಕೈ ಹಿಡಿದು ಕರ್ಕೊಂಡು ಬಂದಾನ. ಇವನ ಹೆಂಡತಿ ರಾತ್ರಿ ಕಾಲಿಗೆ ಎಣ್ಣಿ ತಿಕ್ಕಿದಳು."

ಶಾಂತಕುಮಾರನಿಗೆ ನಗು ಬಂತು, ಕಣ್ಣೂ ತುಂಬಿತು. ಗುರುಪಾದ ಅವನ ಜೋಳಿಗೆಗೆ ರೊಟ್ಟಿ ಹಾಕಿ ಕೈ ಮುಗಿದ. ಕೊನೆಯವರು ಹೋಗುವ ತನಕ ಶಾಂತಕುಮಾರ ಕಟ್ಟೆಯ ಮೇಲೆ ಕಾದು ಕೂತ. ಆಮೇಲೆ ಎದ್ದು ತಾನು ಯಾರೆಂದು ಹೇಳಿದ. ನೆರೆಯವರಿಬ್ಬರ ಸಮಕ್ಷಮ ಪಂಚನಾಮೆ ಮಾಡಿ ಫೋನು ಜಪ್ತಿ ಮಾಡಿದರು, ಗುರುಪಾದನನ್ನು ಠಾಣೆಗೆ ಒಯ್ಯಲು ಜೀಪು ತರಿಸಿದರು.

"ನಾ ಇಲ್ಲಿಂದ ಏಳಂಗಿಲ್ಲ, ಇನ್ನ ಎರಡು ರಾತ್ರಿ ಅದ," ಎಂದಳು ಮಲ್ಕಮ್ಮ. ಗುರುಪಾದನ ಹೆಂಡತಿ ಕಣ್ಣೊರೆಸಿಕೊಳ್ಳುತ್ತಲೇ ಅವಳಿಗೆ ನೀರು ತಂದಿಟ್ಟಳು.

ಜೀಪಿನಲ್ಲಿ ಗುರುಪಾದ ತಾನಾಗಿ ಬಾಯಿ ಬಿಟ್ಟ.

"ಅಪ್ಪನ ಕಾಲದಿಂದ ಬಸ್‌ಸ್ಟ್ಯಾಂಡಿನಾಗ ನಿಂತು ಮಂದೀನ್ನ ಮನಿಗೆ ಕರ್ಕೊಂಡು ಹೋಗ್ತಿದ್ದೆವ್ರಿ. ಈಗ ಇಳಿದವ್ರು ಫೋನ್ ನೋಡ್ಕೋತ ನಡೀತಾರ. ನಮ್ಮ ಮನಿ ಫೋಟೊ ಹಾಕಿ ನೋಡಿದೆ, ಒಬ್ಬರೂ ಬರಲಿಲ್ಲ. ಆ ಲಾಡ್ಜಿಂದು ಹಾಕಿದೆ, ಬಂದ್ರು. ಬಂದವ್ರಿಗೆ ಉಪಚಾರ ಕಡಿಮಿ ಮಾಡಿಲ್ರಿ, ಸಾಹೇಬ್ರ."

"ಸುಳ್ಳು ಹೇಳಿ ಕರದಿ. ಅತ್ತಿಯವ್ರು ಎಲ್ಲಿ ಅದಾರಂತ ಮುಂಜಾನಿಂದ ನನ್ನ ಜೀವ ಹೋಗಿತ್ತು."

ಗುರುಪಾದ ಹೌದೆಂಬಂತೆ ತಲೆಯಾಡಿಸಿದ.

ಬಸ್‌ಸ್ಟ್ಯಾಂಡಿನ ಎದುರು ಸೊಲ್ಲಾಪುರದ ಬಸ್ಸು ಬಂದು ಅಡ್ಡ ನಿಂತಿತು, ಜೀಪೂ ನಿಲ್ಲಬೇಕಾಯಿತು. ಜನ ಇಳಿಯುತ್ತಿದ್ದಂತೆ ಗುರುಪಾದ ಅರ್ಧ ಎದ್ದ. ಕೈ ತಾನಾಗಿ ಹೊರಗೆ ಚಾಚಿತು. "ಬರ್ರಿ, ರೂಮ್ ಬೇಕೇನ್ರಿ?"

ಇಳಿದವರೆಲ್ಲ ಫೋನಿನಿಂದ ತಲೆಯೆತ್ತಿ ಪೊಲೀಸ್ ಜೀಪಿನೊಳಗಿನ ಆ ಮುಖವನ್ನೇ ನೋಡಿದರು. ಗುರುಪಾದ ಮೆಲ್ಲಗೆ ಕೈ ಒಳಗೆ ಎಳೆದುಕೊಂಡು ಕುಳಿತ.