ಮುಟ್ಟದ ಮಜ್ಜಿಗೆ

"ನನ್ನ ಜವಾಬ್ದಾರಿ ಬೇಡ ಅಂತ ಅರ್ಜಿ ಹಾಕಿದೀರಂತೆ. ಹೌದೇನ್ರೀ?"

ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆ. ಶಿಕಾರಿಪುರದ ಕೋರ್ಟಿನ ಜಗಲಿಯಲ್ಲಿ ಚೌಡೇಶ್ವರಿ ಕೇಳಿದಳು. ಲಾಯರ್ ಜಯಪ್ಪ ಕರಿಕೋಟಿನ ಗುಂಡಿ ತಿರುವುತ್ತ ನಿಂತ.

"ಹೌದು."

"ಯಾಕೆ?"

"ಒಳಗೆ ಹೇಳ್ತೀನಿ. ಇಲ್ಲಿ ಹೇಳೋ ಹಾಗಿಲ್ಲ."

ಅಪ್ಪ ಅಮ್ಮ ಇಲ್ಲದ ಅವಳಿಗೂ ಅವಳ ಆಸ್ತಿಗೂ ಕೋರ್ಟೇ ಜಯಪ್ಪನನ್ನು ಪೋಷಕನಾಗಿ ನೇಮಿಸಿತ್ತು. ಹಾಗೆ ನೇಮಿಸಿದರೆ ಇಪ್ಪತ್ತೊಂದು ತುಂಬುವ ತನಕ ಮೈನರೇ. ಅವಳಿಗಿನ್ನೂ ಹತ್ತೊಂಬತ್ತು. ಇವನು ಕೈಬಿಟ್ಟರೆ ಆ ಜಾಗಕ್ಕೆ ದೊಡ್ಡಪ್ಪ ಹೂವಪ್ಪ ಕಾದಿದ್ದಾನೆ. ಗದ್ದೆಯ ಜೊತೆಗೆ ಅವಳನ್ನೂ ತನ್ನ ಹೆಂಡತಿಯ ತಮ್ಮನಿಗೆ ಕಟ್ಟಲು.

ಲೆಕ್ಕಪತ್ರಕ್ಕೆಂದು ಅವಳೂರು ಸೊರಬಕ್ಕೆ ಬಂದಾಗಲೆಲ್ಲ ಜಯಪ್ಪ ಅವಳ ಮನೆಯ ಒಂದು ಲೋಟ ಮಜ್ಜಿಗೆ ಮುಟ್ಟಿದವನಲ್ಲ. "ಪೋಷಕ ಆದವನು ನಿಮ್ಮ ಮನೇದು ಏನೂ ತಗೋಬಾರದು ಕಣ್ರೀ," ಎಂದು ನಗುತ್ತಿದ್ದ. ಆದರೆ ಲೋಟ ಹಿಡಿದ ಅವಳ ಬೆರಳುಗಳನ್ನು ನೋಡಿ ತಟ್ಟನೆ ಕಣ್ಣು ತೆಗೆಯುತ್ತಿದ್ದ. ಆ ನೋಟವನ್ನು ನಂಬಿ ತಾನು ಪೆದ್ದಿಯಾದೆನೇ?

ಒಳಗಿನಿಂದ ಕೂಗು ಬಂತು.

ಜಡ್ಜ್ ಕನ್ನಡಕದ ಮೇಲಿಂದ ನೋಡಿದರು. "ಏನ್ರೀ ಕಾರಣ?"

"ಸ್ವಾಮಿ, ಪೋಷಕನಾಗಿದ್ದುಕೊಂಡು ಇವರನ್ನ ಕೇಳಬಾರದ ಒಂದು ಮಾತಿದೆ. ನನಗೆ ಕೇಳಬೇಕು ಅನ್ನಿಸಿದೆ. ಅದಕ್ಕೇ ಬಿಡುಗಡೆ ಬೇಕು."

"ನೋಡಿದ್ರಾ ಸ್ವಾಮಿ," ಹೂವಪ್ಪ ಎದ್ದ. "ಹುಡುಗಿ ಮೇಲೆ ಕಣ್ಣು ಇವನಿಗೆ. ನನಗೆ ವಹಿಸಿ."

ಜಡ್ಜ್ ಅವನನ್ನು ಕೂರಿಸಿದರು. ತಿಳಿವಳಿಕೆ ಬಂದ ಮೈನರನ್ನೂ ಕೇಳುವುದು ಕೋರ್ಟಿನ ಪದ್ಧತಿ. "ನೀನು ಹೇಳಮ್ಮ. ಜಯಪ್ಪನೇ ಮುಂದುವರೀಲಾ?"

ಹೂಂ ಎಂದರೆ ದೊಡ್ಡಪ್ಪನ ಕಾಟವಿಲ್ಲ. ಇವನ ಆ ಮಾತೂ ಇಲ್ಲ. ಬೇಡ ಎಂದರೆ? ಜಯಪ್ಪ ನೆಲ ನೋಡುತ್ತಿದ್ದ. ಕಿವಿಯ ತುದಿ ಕೆಂಪಾಗಿತ್ತು.

"ಬೇಡ," ಅಂದಳು. ಹೂವಪ್ಪನ ಮುಖ ಅರಳಿತು. "ದೊಡ್ಡಪ್ಪನೂ ಬೇಡ. ನನ್ನ ಸಾಕಿದ ಸೋದರತ್ತೆ ಲೋಕಮ್ಮ ಇದಾರೆ. ಅವರೇ ಇರಲಿ."

ಹಿಂದಿನ ಬೆಂಚಿನಿಂದ ಲೋಕಮ್ಮ ಗಾಬರಿಯಲ್ಲಿ ಎದ್ದು ನಿಂತಳು. ಜಡ್ಜ್ ಅವಳನ್ನು ಒಂದಷ್ಟು ಪ್ರಶ್ನೆ ಕೇಳಿ ಬರೆಯತೊಡಗಿದರು. ಪೆನ್ನಿನ ಸದ್ದು ನಿಂತಿತು.

"ಆಗಲಿ," ಅಂದರು.

ಹೊರಗೆ ಹುಣಸೆಮರದ ನೆರಳಲ್ಲಿ ಲೋಕಮ್ಮ ಬುತ್ತಿ ಬಿಚ್ಚಿದಳು. ಜಯಪ್ಪ ಬಂದು ದೂರದಲ್ಲೇ ನಿಂತ.

"ಬಾಯಾರಿದೆ ಕಣ್ರೀ."

ಚೌಡೇಶ್ವರಿ ಮಜ್ಜಿಗೆ ತುಂಬಿ ಲೋಟ ಚಾಚಿದಳು. ಈ ಸಲ ಅವನು ಅವಳ ಬೆರಳಿಂದ ಕಣ್ಣು ತೆಗೆಯಲಿಲ್ಲ. ಗಟಗಟ ಕುಡಿದ, ಮೇಲ್ತುಟಿಯಲ್ಲಿ ಬಿಳಿ ಗೆರೆ ಉಳಿಯಿತು.

"ಏನೋ ಮಾತಿತ್ತಲ್ಲ?" ಅವಳು ಮೆಲ್ಲಗೆ ಕೆಣಕಿದಳು.

"ತಡಿಯಪ್ಪ," ಲೋಕಮ್ಮ ಅಡ್ಡ ಬಂದಳು. "ಈಗ ಪೋಷಕಿ ನಾನು. ನನ್ನ ಕೇಳು ಮೊದಲು."

ಜಯಪ್ಪ ಖಾಲಿ ಲೋಟ ಹಿಡಿದುಕೊಂಡೇ ಹೆಣ್ಣು ಕೇಳಿದ. ಲೋಕಮ್ಮ ಸೋದರ ಸೊಸೆಯ ಕಡೆ ನೋಡಿದಳು.

ಚೌಡೇಶ್ವರಿ ಅವನ ಲೋಟವನ್ನು ಮತ್ತೆ ತುಂಬಿದಳು.