ಮಂಗಳವಾರದ ಬೆನ್ನು ನೋವು

"ಅದು ನಾನು ಕೂರೋ ಕುರ್ಚಿ."

ಅವಳು ತಲೆಯೆತ್ತಿ ನೋಡಿದಳು. ಒಂದು ಕೈಯನ್ನು ಸೊಂಟಕ್ಕೆ ಕೊಟ್ಟುಕೊಂಡು ಅರ್ಧ ಬಾಗಿ ನಿಂತಿದ್ದ ಒಬ್ಬ ಮನುಷ್ಯ. ಅಂಗಿಯ ತೋಳಿನ ಮೇಲೆಲ್ಲ ಮರದ ಹೊಟ್ಟು.

"ಹೆಸರು ಬರೆದಿಲ್ವಲ್ಲ," ಎಂದಳು. ಏಳಲಿಲ್ಲ. ಏಳಬೇಕೆಂದರೂ ಆಗುತ್ತಿರಲಿಲ್ಲ, ಅದು ಬೇರೆ ಮಾತು.

ಬೋರ್ಡಿನ ಮೇಲೆ ಕೈರೋಪ್ರಾಕ್ಟರ್ ಎಂದಿದ್ದರೂ ಜನರ ಬಾಯಲ್ಲಿ ಅವರು ಬೆನ್ನಿನ ಡಾಕ್ಟರಮ್ಮ. ಅವರ ಕ್ಲಿನಿಕ್ಕಿನಲ್ಲಿ ನೇರ ಬೆನ್ನಿನ ಮರದ ಕುರ್ಚಿ ಇದ್ದದ್ದು ಒಂದೇ. ಉಳಿದದ್ದು ಮೆತ್ತನೆಯ ಸೋಫಾ. ಅದರಲ್ಲಿ ಕೂತ ಬೆನ್ನು ನೋವಿನವರನ್ನು ಎಬ್ಬಿಸಲು ಇಬ್ಬರು ಬೇಕು. ಇಂಥ ಜಾಗಕ್ಕೆ ಅಂಥ ಸೋಫಾ ತಂದವರಿಗೆ ಏನೆನ್ನಬೇಕೋ.

ಅವನು ಸೋಫಾದಲ್ಲೇ ಕೂತ. ಒಳಗಿನಿಂದ ಕರೆ ಬಂದಾಗ ಏಳಲಾರದೆ ಒದ್ದಾಡಿದ. ಅವಳು ತನ್ನ ನೋವು ಮರೆತು ಎದ್ದು ಕೈ ಚಾಚಿದಳು. ಇಬ್ಬರೂ ಒಟ್ಟಿಗೆ "ಅಮ್ಮಾ..." ಎಂದು ನರಳಿದರು. ಆಮೇಲೆ ಇಬ್ಬರಿಗೂ ನಗು ಬಂತು. ನಕ್ಕರೆ ಇನ್ನೂ ನೋವು.

ಅವಳು ಟೈಲರ್. ದಿನವಿಡೀ ಆಸರೆಯಿಲ್ಲದ ಸ್ಟೂಲಿನ ಮೇಲೆ ಕೂತು ಹೊಲಿಯುವ ಕೆಲಸ. ಅವನು ಬಡಗಿ. ಅವನ ಸರದಿ ಮಂಗಳವಾರ ಮತ್ತು ಶುಕ್ರವಾರ, ಅವಳದು ಮಂಗಳವಾರ ಮಾತ್ರ. ಆ ದಿನ ಅರ್ಧ ಗಂಟೆ ಇಬ್ಬರೂ ಕಾಯುತ್ತಿದ್ದರು. ಮೊದಮೊದಲು ಕುರ್ಚಿಯನ್ನು ಕಾಲು ಗಂಟೆಯಂತೆ ಹಂಚಿಕೊಂಡರು. ನಾಲ್ಕು ವಾರ ಕಳೆಯುವಷ್ಟರಲ್ಲಿ ಕುರ್ಚಿ ಖಾಲಿ ಇರುತ್ತಿತ್ತು, ಇಬ್ಬರೂ ಸೋಫಾದಲ್ಲಿ ಇರುತ್ತಿದ್ದರು.

ಅವಳಿದ್ದದ್ದು ಅಣ್ಣನ ಮನೆಯಲ್ಲಿ. ಅತ್ತಿಗೆ ಕಾಲೆಳೆಯದೆ ಬಿಡುವವಳಲ್ಲ.

"ಅದೇನೇ, ಸೋಮವಾರ ಸರಿ ಇರೋ ಬೆನ್ನು ಮಂಗಳವಾರ ಮಧ್ಯಾಹ್ನಕ್ಕೆ ಸರಿಯಾಗಿ ನೋಯುತ್ತೆ?"

"ನೋವೇನು ನನ್ನ ಕೇಳಿ ಬರುತ್ತಾ ಅತ್ತಿಗೆ?"

"ಸರಿ, ಬೆನ್ನು ನೋವಿಗೆ ಕಣ್ಣಿಗ್ಯಾಕೆ ಕಾಡಿಗೆ?"

ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು.

ಎರಡು ತಿಂಗಳ ಮೇಲೆ ಡಾಕ್ಟರಮ್ಮ ಅವಳ ಬೆನ್ನನ್ನು ಒತ್ತಿ, ಬಗ್ಗಿಸಿ, ತಿರುಗಿಸಿ ನೋಡಿದರು.

"ನನ್ನ ಕೈಗೆ ಏನೂ ಸಿಗ್ತಿಲ್ಲಮ್ಮ. ತಿಂಗಳಿಗೊಂದು ಸಲ ಬಂದ್ರೆ ಸಾಕು. ಆದ್ರೆ ನೋವು ನಿಮ್ಮದು, ನೀವೇ ಹೇಳಿ. ಎಷ್ಟು ದಿನಕ್ಕೊಂದು ಸಲ ಬರ್ತೀರ?"

ತಿಂಗಳಿಗೊಂದು ಸಲವಾ... ಮಿಕ್ಕ ಮಂಗಳವಾರ ಅವನನ್ನು ಎಲ್ಲಿ ನೋಡಲಿ?

"ವಾರಕ್ಕೆ ಎರಡು ಸಲ ಬೇಕು ಡಾಕ್ಟ್ರೇ. ರಾತ್ರಿ ನಿದ್ದೆನೇ ಇಲ್ಲ."

ನಿದ್ದೆ ಇಲ್ಲದ್ದು ನಿಜ. ಕಾರಣ ಮಾತ್ರ ಬೆನ್ನಲ್ಲ.

"ಶುಕ್ರವಾರ ಜಾಗ ಇಲ್ಲ. ಯಾರಾದ್ರೂ ಬಿಟ್ಟರೆ ನೋಡೋಣ."

ಪರದೆಯ ಆಚೆ ಅವನು ಕೂತಿದ್ದ. ಎಲ್ಲವೂ ಕೇಳಿಸಿತ್ತು. ಅದು ಅವಳಿಗೆ ಗೊತ್ತಿರಲಿಲ್ಲ.

ಮುಂದಿನ ಮಂಗಳವಾರ ಅವನಿರಲಿಲ್ಲ.

"ಬಡಗಿಯವರಾ? ಬರೋದು ನಿಲ್ಲಿಸಿದ್ರು," ಎಂದಳು ಚೀಟಿ ಬರೆಯುವವಳು. "ನಿಮಗೆ ಒಳ್ಳೇದೇ ಆಯ್ತು, ಶುಕ್ರವಾರದ ಜಾಗ ಸಿಕ್ತು."

ಆ ಶುಕ್ರವಾರ ಬಂದಳು. ಮತ್ತೆ ಮಂಗಳವಾರ, ಮತ್ತೆ ಶುಕ್ರವಾರ. ಒಂದು ಮಾತು ಹೇಳಿ ಹೋಗಬಾರದಿತ್ತೇ? ಹೇಳಲು ನಾನಾದರೂ ಯಾರು ಅವನಿಗೆ... ಮರದ ಕುರ್ಚಿಯಲ್ಲಿ ಒಬ್ಬಳೇ ಕೂತು ಅವಳು ಕಣ್ಣೀರು ನುಂಗಿಕೊಂಡಳು. ಪಾಪ, ಈಗ ನಿಜವಾಗಿಯೂ ಎಲ್ಲೋ ನೋಯುತ್ತಿತ್ತು.

ಕೊನೆಗೆ ಡಾಕ್ಟರಮ್ಮನೇ ಬಾಯಿಬಿಟ್ಟರು.

"ಆ ಬಡಗಿ ನಿಮಗೋಸ್ಕರ ಸರದಿ ಬಿಟ್ಟುಕೊಟ್ಟರು. 'ಆ ಟೈಲರಮ್ಮನಿಗೆ ತುಂಬಾ ನೋವಿದೆ, ನನ್ನ ಜಾಗ ಅವರಿಗೇ ಕೊಡಿ' ಅಂದ್ರು. ನೋಡಿದ್ರೆ ನಿಮ್ಮ ಬೆನ್ನು ನನ್ನ ಬೆನ್ನಿಗಿಂತ ಚೆನ್ನಾಗಿದೆ."

ಅವಳು ನೆಟ್ಟಗೆ ಅವನ ಅಂಗಡಿಗೆ ನಡೆದಳು.

ಅವನು ಕುರ್ಚಿಯೊಂದರ ಕಾಲು ಉಜ್ಜುತ್ತಿದ್ದ.

"ನನಗೆ ನೋವಿಲ್ಲ," ಎಂದಳು ಬಾಗಿಲಲ್ಲೇ ನಿಂತು. "ಒಂದು ತಿಂಗಳಿಂದ ಇಲ್ಲ. ಶುಕ್ರವಾರನೂ ನಿಮ್ಮನ್ನ ನೋಡಬಹುದು ಅಂತ ಸುಳ್ಳು ಹೇಳಿದೆ. ನೀವು ಅದೇ ಶುಕ್ರವಾರನ ನನಗೆ ಕೊಟ್ಟು ಹೊರಟೇ ಹೋದ್ರಿ."

ಉಜ್ಜುತ್ತಿದ್ದ ಕೈ ನಿಂತಿತು.

"ನನಗೂ ಇರಲಿಲ್ಲ," ಎಂದ ಮೆಲ್ಲಗೆ. "ಬರೀ ಮಂಗಳವಾರ ಬರ್ತೀನಿ ಅಂದ್ರೆ ಡಾಕ್ಟರಮ್ಮನಿಗೆ ಗೊತ್ತಾಗಿಬಿಡುತ್ತೆ ಅಂತ ಶುಕ್ರವಾರನೂ ಬರ್ತಿದ್ದೆ. ನಿಮಗೆ ನಿದ್ದೆ ಇಲ್ಲ ಅಂತ ಕೇಳಿದ ದಿನ ನಾಚಿಕೆಯಾಯ್ತು. ನೋವಿರೋರ ಜಾಗ ಹಿಡ್ಕೊಂಡು ಕೂತಿದ್ನಲ್ಲ... ಯಾವ ಮುಖ ಇಟ್ಕೊಂಡು ನಿಮ್ಮ ಪಕ್ಕ ಕೂರಲಿ?"

ಅವಳಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

ಅವನು ಕುರ್ಚಿಯನ್ನು ಅವಳ ಮುಂದೆ ಸರಿಸಿದ. "ಇದು ನಿಮಗೇ. ಇದರ ಮೇಲೆ ಕೂತು ಹೊಲಿದ್ರೆ ಮತ್ತೆ ಡಾಕ್ಟರ ಹತ್ತಿರ ಹೋಗೋದೇ ಬೇಡ."

ಅವಳು ಕೂತಳು. ಕುರ್ಚಿಯ ಬೆನ್ನು ಅವಳ ಬೆನ್ನಿಗೆ ಸರಿಯಾಗಿ ಹೊಂದಿಕೊಂಡಿತು. ಅಳತೆಯ ಕಷ್ಟ ಟೈಲರಿಗೆ ಹೇಳಿಕೊಡಬೇಕೇ?

"ಅಳತೆ ಯಾವಾಗ ತಗೊಂಡ್ರಿ?"

"ಅಷ್ಟು ಮಂಗಳವಾರ ಪಕ್ಕದಲ್ಲೇ ಕೂತಿದ್ನಲ್ಲ."

ಅವಳ ಕಣ್ಣು ತುಂಬಿ ಬಂತು.

"ಒಂದು ಕಾಲು ಇನ್ನೂ ಸ್ವಲ್ಪ ಅಲ್ಲಾಡುತ್ತೆ," ಎಂದ ಅವನು, ನೆಲ ನೋಡುತ್ತ. "ನಿಮ್ಮ ಮನೆಗೇ ಬಂದು ಸರಿ ಮಾಡಿಕೊಡ್ತೀನಿ. ಎಷ್ಟು ದಿನಕ್ಕೊಂದು ಸಲ ಬರಲಿ, ನೀವೇ ಹೇಳಿ."

ಇದೇ ಪ್ರಶ್ನೆಗೆ ಸುಳ್ಳು ಹೇಳಿ ಪಡಬಾರದ ಪಾಡು ಪಟ್ಟವಳು ಅವಳು. ಈ ಸಲ ನಿಜವನ್ನೇ ಹೇಳಿದಳು.

"ದಿನಾ."

"ನಾಳೆಯಿಂದಲೇ ಬರಲಾ?"

"ಮೊದಲು ಭಾನುವಾರ ಬನ್ನಿ," ಎಂದು ಅವಳು ಕಣ್ಣೊರೆಸಿಕೊಂಡಳು. "ಅಣ್ಣ ಅತ್ತಿಗೆ ಇಬ್ಬರೂ ಮನೇಲಿರ್ತಾರೆ."