ಬಾಗಿಲಜ್ಜಿಯ ಹತ್ತೊಂಬತ್ತು ಸಾಲು

"ಇನ್ನೊಂದ್ಸಲ."

ಸ್ಟುಡಿಯೋದ ಗಾಜಿನ ಆಚೆಯಿಂದ ಅದೇ ತಣ್ಣಗಿನ ದನಿ. ಇದು ಹನ್ನೊಂದನೇ ಸಲ!

ಅವಳು ಹೇಳಬೇಕಾಗಿದ್ದು ಒಂದೇ ಒಂದು ಮಾತು. "ಯಾರದು?" ಅಷ್ಟೇ! ವಿಡಿಯೋ ಗೇಮ್ ಒಂದರಲ್ಲಿ, ಕಾಡಿನ ಹಾಳು ಮಂಟಪದಲ್ಲಿ ಒಂಟಿಯಾಗಿರುವ ಮುದುಕಿಯ ಮಾತು ಅದು. ವಯಸ್ಸು ಇಪ್ಪತ್ತೇಳಾದರೂ ಅವಳ ಗೊಗ್ಗರು ದನಿಗೆ ಸಿಗುವುದೆಲ್ಲ ಇಂಥ ಮುದುಕಿಯರೇ. ಅದಕ್ಕೇನೂ ಅವಳಿಗೆ ಬೇಜಾರಿಲ್ಲ. ಆದರೆ ಸುಮ್ಮಸುಮ್ಮನೆ ಗೋಳು ಹುಯ್ದುಕೊಂಡರೆ? ಮೊದಲೇ ಅವಳಿಗೆ ಮೂಗಿನ ತುದಿಯಲ್ಲೇ ಕೋಪ. ಮನೆಯಲ್ಲಿ ಅಪ್ಪ ಇಟ್ಟ ಹೆಸರೇ 'ಪಟಾಕಿ'.

ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದಳು.

"ರೀ ಸ್ವಾಮಿ! 'ಇನ್ನೊಂದ್ಸಲ' ಅನ್ನೋಕೆ ಒಂದು ಗಿಳಿ ಸಾಕು. ಏನು ಬೇಕು ಅಂತ ಬಾಯಿಬಿಟ್ಟು ಹೇಳಿ. ಇಲ್ಲಾ, ನೀವೇ ಬಂದು ಹೇಳಿ, ನೋಡೋಣ!"

ಗಾಜಿನ ಹಿಂದೆ ಸೌಂಡ್ ನೋಡಿಕೊಳ್ಳುವ ಅಣ್ಣ ಕೆಮ್ಮಿದ. ಬಾಗಿಲು ತೆರೆಯಿತು. ಉದ್ದಕ್ಕೆ, ಸಣ್ಣಕ್ಕೆ, ಮಾಸಿದ ಅಂಗಿಯ ಒಬ್ಬ ಒಳಗೆ ಬಂದ. ಆ ಗೇಮಿಗೆ ಮಾತು ಬರೆದವನು.

"ಅಜ್ಜಿಗೆ ಸಿಟ್ಟಿಲ್ಲ," ಅಂದ ಮೆಲ್ಲಗೆ. "ಎಷ್ಟೋ ವರ್ಷ ಆದ್ಮೇಲೆ ಯಾರೋ ಬಂದಿದ್ದಾರೆ. ಖುಷಿ ಆಗಿದೆ. ಆದ್ರೆ ತೋರಿಸ್ಕೊಳ್ಳಲ್ಲ."

"ಇದನ್ನ ಮೊದಲೇ ಹೇಳೋಕೆ ಬಾಯಲ್ಲಿ ಏನಿತ್ತು?"

"ನೀವು ಹೇಳೋದನ್ನ ಕೇಳ್ತಾ ಕೂತ್ಬಿಟ್ಟೆ..." ಅಂದವನು ಕಿವಿ ಕೆಂಪಗೆ ಮಾಡಿಕೊಂಡು ಹೊರಗೆ ಹೋದ.

ಹನ್ನೆರಡನೇ ಸಲಕ್ಕೆ ಮಾತು ಸರಿಯಾಗಿ ಬಂತು. ಅವನು ಹೇಳಿದ್ದೇ ಸರಿ ಅಂತ ಗೊತ್ತಾಗಿ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಪ್ರೀತಿ ಶುರುವಾಗಿದ್ದು ಹೀಗೆ, ನೀವು ನಂಬಿದರೆ ನಂಬಿ ಬಿಟ್ಟರೆ ಬಿಡಿ.

ವಾರಕ್ಕೆ ಎರಡು ದಿನ ರೆಕಾರ್ಡಿಂಗ್. ಮಧ್ಯಾಹ್ನ ಇಬ್ಬರೂ ಹಿಂದಿನ ಮೆಟ್ಟಿಲ ಮೇಲೆ ಊಟದ ಡಬ್ಬಿ ಬಿಚ್ಚುವರು. ಮಾತೆಲ್ಲಾ ಅವಳದು, ಹೂಂಗುಟ್ಟುವುದು ಅವನದು. 'ಗುಮ್ಮನಗುಸ್ಕ' ಅಂತ ಹೆಸರಿಟ್ಟಳು. ಎರಡನೇ ತಿಂಗಳಿಗೆ 'ನೀವು' ಹೋಗಿ 'ನೀನು' ಆಯಿತು. ಒಂದು ಮಾತು ಮಾತ್ರ ಇಬ್ಬರ ಬಾಯಿಂದಲೂ ಹೊರಡಲಿಲ್ಲ.

ಆ ಮುದುಕಿ, 'ಬಾಗಿಲಜ್ಜಿ', ಹಿಂದೆ ಒಂದು ಕೋಟೆಯ ಬಾಗಿಲು ಕಾಯುತ್ತಿದ್ದಳು. ಯುದ್ಧದಲ್ಲಿ ಕೋಟೆಗೆ ಬೆಂಕಿ ಬಿದ್ದ ದಿನ ಅವಳೇ ಬಾಗಿಲು ತೆಗೆದಳು, ಶತ್ರುಗಳು ನುಗ್ಗಿದರು. ಗೇಮಿನಲ್ಲಿ ಕೋಟೆಯವರು ಯಾರನ್ನು ಕೇಳಿದರೂ ಒಂದೇ ಮಾತು: ಉಂಡ ಮನೆಗೆ ಎರಡು ಬಗೆದವಳು!

"ಅಜ್ಜಿ ನಿಜವಾಗ್ಲೂ ದ್ರೋಹಿನಾ?" ಒಂದು ದಿನ ಕೇಳಿದಳು. ಅವಳ ಕೈಗೆ ಬರುತ್ತಿದ್ದುದು ಅಜ್ಜಿಯ ಸಾಲುಗಳು ಮಾತ್ರ, ಅವೂ ಹಿಂದುಮುಂದಾಗಿ. ಪೂರ್ತಿ ಕಥೆ ಅವಳಿಗೆ ಹೇಗೆ ಗೊತ್ತಾಗಬೇಕು?

"ಗೇಮಲ್ಲಿ ಎಲ್ಲೂ ಅದನ್ನ ಬಿಡಿಸಿ ಹೇಳಲ್ಲ. ಆಡೋರು ಮತ್ತೆ ಮತ್ತೆ ಬಂದು ಅಜ್ಜೀನ ಮಾತಾಡಿಸಿ, ಅವಳ ಮಾತಿಂದಲೇ ಕಂಡ್ಕೋಬೇಕು."

"ನನಗಾದ್ರೂ ಹೇಳೋ!"

"ನೀನೇ ಅವಳ ದನಿ. ನೀನೇ ಹೇಳು."

ಅವತ್ತು ಅವಳು ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿಬಿಟ್ಟಳು. ಅಪ್ಪನ ವಿಷಯ.

ಅಪ್ಪ ಬಾಟಲಿ ಕಾರ್ಖಾನೆಯ ಗೇಟ್ ಕಾಯುತ್ತಿದ್ದರು. ಹನ್ನೆರಡು ವರ್ಷದ ಹಿಂದೆ ದೊಡ್ಡ ಸ್ಟ್ರೈಕು. ಗೇಟಿಗೆ ಬೀಗ ಜಡಿದ ಕಾರ್ಮಿಕರು, ಕೀಲಿಕೈಯನ್ನು ನಂಬಿ ಅಪ್ಪನ ಕೈಗೇ ಕೊಟ್ಟಿದ್ದರು. ಒಂದು ಬೆಳಿಗ್ಗೆ ಒಳಗಿನ ಟ್ಯಾಂಕಿನಿಂದ ಗ್ಯಾಸ್ ಸೋರುವ ವಾಸನೆ ಬಂತು. ಗೋಡೆಯಾಚೆಗೇ ಕಾರ್ಮಿಕರ ಮನೆಗಳು, ಮಲಗಿದ್ದ ಮಕ್ಕಳು. ಅಪ್ಪ ಗೇಟು ತೆಗೆದು ಮಾಲೀಕರ ರಿಪೇರಿಯವರನ್ನು ಒಳಗೆ ಬಿಟ್ಟರು. ಗ್ಯಾಸ್ ನಿಂತಿತು. ಆದರೆ ಅವರ ಬೆನ್ನಿಗೇ ಮಾಲೀಕರ ಹೊಸ ಕೆಲಸಗಾರರೂ ನುಗ್ಗಿದರು. ಸ್ಟ್ರೈಕು ಮುರಿಯಿತು. ಅವತ್ತಿನಿಂದ ಅಪ್ಪ 'ದ್ರೋಹಿ'. ಒಟ್ಟಿಗೆ ಉಂಡವರೇ ಎದುರಿಗೆ ಬಂದರೆ ರಸ್ತೆ ದಾಟುತ್ತಾರೆ.

"ಅಪ್ಪ ಯಾರ ಹತ್ರಾನೂ ವಾದ ಮಾಡ್ಲಿಲ್ಲ ಕಣೋ. ನಾನು ಅತ್ತು ಕೇಳಿದಾಗ ಮೂರೇ ಮಾತು ಅಂದ್ರು. 'ನಮ್ಮ ಗೇಟು. ನಾನೇ ತೆಗೆದೆ. ಯಾರನ್ನೂ ಕೇಳಲಿಲ್ಲ.' ಇವತ್ತಿಗೂ ಅದು ಅವರಿಗೆ 'ನಮ್ಮ' ಕಾರ್ಖಾನೆ..."

ಅವನು ಅವಳ ಕೈ ಮೇಲೆ ಕೈಯಿಟ್ಟು ಕೂತ. ಆ ಕ್ಷಣ ಅವಳಿಗೆ ಅನಿಸಿತು: ಇವನ ಹತ್ತಿರ ಕೊಟ್ಟಿದ್ದು ಎಲ್ಲೂ ಹೋಗಲ್ಲ.

ಎಲ್ಲೂ ಹೋಗಲ್ವಂತೆ! ಮುಂದೆ ಕೇಳಿ.

ರೆಕಾರ್ಡಿಂಗಿನ ಕೊನೆಯ ದಿನ. ಉಳಿದಿದ್ದು ಬಾಗಿಲಜ್ಜಿಯ ಹತ್ತೊಂಬತ್ತು ಸಾಲು. ಸಂಜೆ ಐದಕ್ಕೆ ಗೇಮ್ ಬಿಡುಗಡೆಗೆ ಕಳಿಸಿಬಿಡುತ್ತಾರೆ, ಆಮೇಲೆ ಒಂದಕ್ಷರವನ್ನೂ ಮುಟ್ಟುವ ಹಾಗಿಲ್ಲ. ಅವಳು ಹಾಳೆ ಎತ್ತಿಕೊಂಡಳು. ಮೊದಲ ಸಾಲು ಓದಿದಳು.

'ನಿಮ್ಮ ಬಾಗಿಲು. ನಾನೇ ತೆಗೆದೆ. ಯಾರನ್ನೂ ಕೇಳಲಿಲ್ಲ.'

ಇನ್ನೊಮ್ಮೆ ಓದಿದಳು. ಮರುಕ್ಷಣ ಪಿತ್ತ ನೆತ್ತಿಗೇರಿತು.

ಅಪ್ಪನ ಮಾತು! ಅಪ್ಪ ಅಳುವ ಮಗಳಿಗೆ ಹೇಳಿದ ಮಾತು! ಅದನ್ನ ಕದ್ದಿದ್ದೂ ಅಲ್ಲದೆ 'ನಮ್ಮ'ವನ್ನು 'ನಿಮ್ಮ' ಮಾಡಿದ್ದಾನೆ. ನಿಮ್ಮ ಬಾಗಿಲು, ನಾನೇ ತೆಗೆದೆ, ಏನೀಗ? ಅನ್ನೋ ಹಾಗೆ. ಅಪ್ಪನನ್ನು ಸೊಕ್ಕಿನ ದ್ರೋಹಿ ಮಾಡಿ ಲಕ್ಷಾಂತರ ಜನರ ಮುಂದೆ ನಿಲ್ಲಿಸಿದ್ದಾನೆ. ಅದನ್ನ ಹೇಳುವ ಬಾಯಿ ಯಾರದು? ಮಗಳದ್ದೇ!

ಕಾರಿಡಾರಿನಲ್ಲಿ ಅವನು ಎದುರಾದ, ನಗುತ್ತಾ.

"ಇದು ನಮ್ಮಪ್ಪನ ಮಾತು ತಾನೇ?"

ಅವನ ನಗು ಅಲ್ಲೇ ನಿಂತಿತು. "...ಹೌದು."

"ಬರೆದಿದ್ದು ನೀನೇ ತಾನೇ?"

"ನಾನೇ. ಇವತ್ತು ಹೇಳ್ಬೇಕು ಅಂತಾನೇ ಬಂದೆ, ಒಂದು ನಿಮಿಷ ಕೇಳು..."

"ಏನು ಕೇಳೋದು? ಗಾಯ ತೋರಿಸಿದ್ರೆ ಅದರ ಮೇಲೆ ಬರೆ ಎಳೀತೀಯಲ್ಲೋ! ಆರು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದು ಇದಕ್ಕಾ? ನಾನು ನಿನಗೆ ಯಾರು? ಸರಕಾ?"

"ಹಾಗನ್ಬೇಡ..."

"ದ್ರೋಹಿ ಅಜ್ಜಿ ಅಲ್ಲ ಕಣೋ. ನೀನು!"

ಹಾಳೆಯನ್ನು ಅವನ ಎದೆಗೆ ಎಸೆದು ಮೆಟ್ಟಿಲಿಳಿದಳು. ಹಿಂದಿನಿಂದ ಕೂಗಿದ್ದು ಕೇಳಿಸಿತು, ತಿರುಗಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತಳು. ಅತ್ತಿದ್ದಕ್ಕೂ ತನ್ನ ಮೇಲೇ ಸಿಟ್ಟು ಬಂತು.

ಅಪ್ಪ ನೆಲದ ಮೇಲೆ ಹಳೇ ಫ್ಯಾನ್ ಬಿಚ್ಚಿಕೊಂಡು ಕೂತಿದ್ದರು.

"ಏನೇ ಪಟಾಕಿ, ಇಷ್ಟು ಬೇಗ?"

ಬಾಗಿಲಲ್ಲೇ ನಿಂತು ಎಲ್ಲ ಹೇಳಿದಳು, ಉಸಿರು ಬಿಡದೆ. ಅಪ್ಪ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು.

"ಇದನ್ನೆಲ್ಲ ಅವನಿಗೆ ಹೇಳಿದ್ದು ಯಾರು?"

"ನಾನೇ... ನಂಬಿ..."

"ಯಾರನ್ನ ಕೇಳಿ ಹೇಳ್ದೆ?"

ಅಪ್ಪ ದನಿ ಏರಿಸಿದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ.

"ಹನ್ನೆರಡು ವರ್ಷ ನುಂಗಿಕೊಂಡಿದ್ದೀನಿ. ನೀನು ಊಟದ ಡಬ್ಬಿ ಮುಂದೆ ಬಿಚ್ಚಿಟ್ಟು ಬಂದ್ಯಾ? ಅವನು ಕಳ್ಳ, ಸರಿ. ಕೀಲಿಕೈ ಕೊಟ್ಟೋಳು ನೀನೇ ಅಲ್ವೇನಮ್ಮಾ?"

ಈ ಮಾತು ನೇರ ಎದೆಗೆ ನಾಟಿತು. ಅವಳು ಗೋಡೆಗೆ ಒರಗಿ ಕುಸಿದು ಕೂತಳು. ಆಮೇಲೆ ಅಪ್ಪನೇ ಕನ್ನಡಕ ಹಾಕಿಕೊಂಡರು.

"ತಾ ಇಲ್ಲಿ. ಏನು ಬರೆದಿದ್ದಾನೆ ನೋಡೋಣ."

ಮೊಬೈಲಿಗೂ ಬಂದಿದ್ದ ಸಾಲುಗಳನ್ನು ತೆಗೆದು ಕೊಟ್ಟಳು. ಅಪ್ಪ ಬೆರಳಿಟ್ಟು ಒಂದೊಂದೇ ಓದಿದರು. ಒಂದು ಕಡೆ ನಿಂತರು.

"ಇದೇನಿದು? 'ನಿಮ್ಮ ಬಾಗಿಲು' ಅಂತಾಳೆ. ನಾಕು ಸಾಲು ಆದ್ಮೇಲೆ ನೋಡು. 'ಮಳೆಗಾಲದಲ್ಲಿ ಆ ಕದ ಕಿರ್ ಅನ್ನುತ್ತೆ. ಈಗಿನವರು ಎಣ್ಣೆ ಬಿಡ್ತಾರೋ ಇಲ್ವೋ?' ಅಂತಾಳೆ."

"ಅದಕ್ಕೇನೀಗ?"

"ತನ್ನದಲ್ಲದ ಬಾಗಿಲಿಗೆ ಯಾರಾದ್ರೂ ಎಣ್ಣೆ ಚಿಂತೆ ಮಾಡ್ತಾರೇನೇ? ಗೇಟ್ ಕಾದವನು ನಾನು. ಹೊರಗೆ ಹಾಕಿಸ್ಕೊಂಡ ಮೇಲೂ ಈ ಮಾತಾಡೋಳು ದ್ರೋಹಿ ಅಲ್ಲ. ಎಣ್ಣೆ ಸಾಲು ಬರೆದ ಕೈ 'ನಿಮ್ಮ' ಅಂತ ಬರೆಯೋಕೆ ಸಾಧ್ಯ ಇಲ್ಲ. ಎಲ್ಲೋ ಒಂದು ಗುಡಿಸು ಜಾಸ್ತಿ ಬಿದ್ದಿದೆ."

ಅವಳು ಮೊಬೈಲ್ ಕಿತ್ತುಕೊಂಡು ನೋಡಿದಳು. ನಿಮ್ಮ ಬಾಗಿಲು. ನಿಮ್ಮ ಕೋಟೆ. ನಿಮ್ಮ ಮಕ್ಕಳನ್ನ ಹೊರಗೆ ಕಳಿಸಿದೆ. ಆ 'ನಿ'ಯ ಗುಡಿಸನ್ನು ಮನಸ್ಸಿನಲ್ಲೇ ಅಳಿಸಿ ಓದಿದಳು. ನಮ್ಮ ಬಾಗಿಲು. ನಮ್ಮ ಕೋಟೆ. ನಮ್ಮ ಮಕ್ಕಳನ್ನ ಹೊರಗೆ ಕಳಿಸಿದೆ...

ಅಯ್ಯೋ! ಅಜ್ಜಿ ಬಾಗಿಲು ತೆಗೆದಿದ್ದು ಬೆಂಕಿ ಬಿದ್ದ ಕೋಟೆಯೊಳಗಿನ ಮಕ್ಕಳಿಗೆ! ಅಜ್ಜಿ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಆ ಸಾಲುಗಳ ತುಂಬಾ 'ನಮ್ಮ' ಇತ್ತು.

'ಒಂದು ನಿಮಿಷ ಕೇಳು ಅಂದ. ನಾನು ಕೇಳಲೇ ಇಲ್ಲ...'

ಅಪ್ಪ ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. "ನಡಿ. ನನಗೂ ಅವನ ಹತ್ರ ಒಂದು ಮಾತಿದೆ."

ಸ್ಟುಡಿಯೋ ಮೆಟ್ಟಿಲು ಹತ್ತುವಾಗಲೇ ಕೂಗಾಟ ಕೇಳಿಸಿತು. ಅವಳೆಸೆದ ಹಾಳೆ ಹಿಡಿದು, ಗೇಮ್ ಕಂಪನಿಯ ಮ್ಯಾನೇಜರ್ ಎದುರು ನಿಂತು ಕಿರುಚುತ್ತಿದ್ದವನು ಆ ಗುಮ್ಮನಗುಸ್ಕ!

"ಯಾರನ್ನ ಕೇಳಿ ತಿದ್ದಿದ್ರಿ?"

"ಅಲ್ಲಯ್ಯ, ದ್ರೋಹಿ ಬಾಯಲ್ಲಿ 'ನಮ್ಮ ಕೋಟೆ' ಬರುತ್ತಾ? ನೀನು ಇಷ್ಟೊಂದು ಕಡೆ ಟೈಪಿಂಗ್ ತಪ್ಪು ಮಾಡಿದ್ದೆ, ನಾನೇ ಸರಿ ಮಾಡ್ದೆ. ಥ್ಯಾಂಕ್ಸ್ ಹೇಳೋದು ಬಿಟ್ಟು..."

"ಇಡೀ ಕಥೆ ನಿಂತಿರೋದೇ ಅದರ ಮೇಲೆ! ಮೊದಲಿನ ಹಾಗೇ ಮಾಡಿ. ಇಲ್ಲಾಂದ್ರೆ ಆ ಸಾಲೆಲ್ಲಾ ತೆಗೆದುಹಾಕಿ, ನನ್ನನ್ನೂ ತೆಗೆದುಹಾಕಿ. ಆ ಮಾತು ನನ್ನದಲ್ಲ. ಒಬ್ಬ ದೊಡ್ಡ ಮನುಷ್ಯರದು. ಅದನ್ನ ಹೀಗೆ ಕೆಡಿಸೋಕೆ ನಾನು ಬಿಡಲ್ಲ!"

"ಗಂಟೆ ಮೂರೂವರೆ. ಈಗ ಏನೂ ಆಗಲ್ಲ."

"ಆಗುತ್ತೆ," ಅಂದಳು ಅವಳು, ಬಾಗಿಲಲ್ಲಿ ನಿಂತು. "ನಾನಿನ್ನೂ ಒಂದು ಸಾಲೂ ಹೇಳಿಲ್ಲ ಸಾರ್. 'ನಮ್ಮ' ಅಂತಿದ್ರೆ ಹೇಳ್ತೀನಿ. 'ನಿಮ್ಮ' ಅಂತಾನೇ ಬೇಕಿದ್ರೆ ಇನ್ನೊಂದು ಅಜ್ಜೀನ ಹುಡುಕ್ಕೊಳ್ಳಿ. ಇನ್ನೂ ಒಂದೂವರೆ ಗಂಟೆ ಇದೆ."

ಮ್ಯಾನೇಜರ್ ಅವಳನ್ನು ನೋಡಿದರು, ಅವನನ್ನು ನೋಡಿದರು. "ಏನಾದ್ರೂ ಮಾಡ್ಕೊಂಡು ಸಾಯ್ರಿ!" ಅಂತ ಫೋನ್ ಹಿಡಿದು ಹೊರಟುಹೋದರು.

ಅವನು ಅವಳ ಹಿಂದೆ ನಿಂತಿದ್ದ ಅಪ್ಪನನ್ನು ಕಂಡ. ಯಾರೆಂದು ಕೇಳಲಿಲ್ಲ. ತಾನಾಗಿ ಕೈ ಮುಗಿದ.

"ನನ್ನ ಮಾತು ಯಾಕಪ್ಪಾ ಕದ್ದೆ?" ಅಪ್ಪ ನೇರ ಕೇಳಿದರು.

"ಅಜ್ಜಿಗೆ ಎಷ್ಟು ಬರೆದ್ರೂ ಸುಳ್ಳು ಅನಿಸ್ತಿತ್ತು. ನಿಮ್ಮ ಮಾತು ಕೇಳಿದ ಮೇಲೆ ಬೇರೆ ಏನೂ ಬರೆಯೋಕಾಗ್ಲಿಲ್ಲ. ನಿಮ್ಮನ್ನ ಕೇಳ್ಬೇಕಿತ್ತು. ಬೇಡ ಅಂದುಬಿಟ್ರೆ ಅಂತ ಹೆದರಿದೆ. ತಪ್ಪಾಯ್ತು."

"ಬೇಡ ಅಂತಾನೇ ಅಂತಿದ್ದೆ."

ಅವನು ತಲೆ ತಗ್ಗಿಸಿದ. "ಈಗಲೂ ಬೇಡ ಅಂದ್ರೆ ತೆಗೆದುಬಿಡ್ತೀನಿ."

ಅಪ್ಪ ಗಾಜಿನ ಮುಂದಿನ ಕುರ್ಚಿ ಎಳೆದು ಕೂತರು. "ಮೊದಲು ಅವಳು ಹೇಳಲಿ. ಕೇಳ್ತೀನಿ."

ಅವಳು ಒಳಗೆ ಹೋಗಿ ಮೈಕಿನ ಮುಂದೆ ನಿಂತಳು. ಗಾಜಿನಾಚೆ ಅಪ್ಪನ ನರೆತ ತಲೆ ಕಾಣುತ್ತಿತ್ತು. ಅಪ್ಪನ ಮೇಲೆ ಉಗುಳಿದವರ ಮೇಲಿನ ಸಿಟ್ಟು, ಸುಮ್ಮನಿದ್ದ ಅಪ್ಪನ ಮೇಲಿನ ಸಿಟ್ಟು, ಎಲ್ಲ ಗಂಟಲಿಗೆ ಬಂತು.

"ನಮ್ಮ ಬಾಗಿಲು. ನಾನೇ ತೆಗೆದೆ. ಯಾರನ್ನೂ ಕೇಳಲಿಲ್ಲ."

ಯಾರೂ ಇನ್ನೊಂದ್ಸಲ ಅನ್ನಲಿಲ್ಲ. ಹತ್ತೊಂಬತ್ತು ಸಾಲನ್ನೂ ಒಂದೇ ಉಸಿರಿಗೆ ಅನ್ನುವಂತೆ ಹೇಳಿ ಮುಗಿಸಿದಳು. ಹೊರಗೆ ಬಂದಾಗ ಅಪ್ಪ ಕನ್ನಡಕ ತೆಗೆದು ಅಂಗಿಯಂಚಿನಿಂದ ಒರೆಸುತ್ತಿದ್ದರು. ಒರೆಸುತ್ತಲೇ ಇದ್ದರು.

"ಇದನ್ನ ಎಷ್ಟು ಜನ ಕೇಳ್ತಾರಪ್ಪಾ?"

"ಲಕ್ಷಾಂತರ ಜನ."

"ಅವರಿಗೆ ಅರ್ಥ ಆಗುತ್ತಾ, ಅಜ್ಜಿ ದ್ರೋಹಿ ಅಲ್ಲ ಅಂತ?"

"ಕಿವಿಗೊಟ್ಟು ಕೇಳಿದವರಿಗೆ ಆಗುತ್ತೆ."

ಅಪ್ಪ ಕನ್ನಡಕವನ್ನು ಮತ್ತೆ ಕಣ್ಣಿಗೇರಿಸಿದರು. "ಇರಲಿ ಬಿಡು," ಅಂದರು ಕೊನೆಗೆ. ಎದ್ದು ಬಾಗಿಲ ತನಕ ಹೋಗಿ ತಿರುಗಿದರು. "ನಾನು ಹೊರಡ್ತೀನಿ. ನೀವಿಬ್ಬರೂ ಜಗಳ ಮುಗಿಸ್ಕೊಂಡು ಮನೆಗೆ ಬನ್ನಿ. ಮೂರು ಜನಕ್ಕೆ ಅಡುಗೆ ಮಾಡಿಟ್ಟಿರ್ತೀನಿ."

ಹಿಂದಿನ ಮೆಟ್ಟಿಲ ಮೇಲೆ ಇಬ್ಬರೇ ಉಳಿದರು. ಅವಳು ಬೇಕೆಂದೇ ಎರಡು ಮೆಟ್ಟಿಲು ದೂರ ಕೂತಳು.

"ನನಗಿನ್ನೂ ಸಿಟ್ಟು ಹೋಗಿಲ್ಲ."

"ಗೊತ್ತು."

"ನಾನೂ ತಪ್ಪು ಮಾಡ್ದೆ. ನೀನು ಹೇಳೋದನ್ನ ಕೇಳ್ದೆ ಹೋದೆ. ದ್ರೋಹಿ ಅಂದೆ. ಅದಕ್ಕೆ ನನ್ನ ಮೇಲೂ ಸಿಟ್ಟು ಬಂದಿದೆ. ಆದ್ರೆ ನಿನ್ನ ಮೇಲೇ ಜಾಸ್ತಿ!"

"ಸರಿ."

"ಏನು ಸರಿ? ಯಾವಾಗ ನೋಡಿದ್ರೂ ಹೂಂ, ಸರಿ! ಅಲ್ಲಿ ಮ್ಯಾನೇಜರ್ ಮುಂದೆ ಅಷ್ಟು ಕಿರುಚೋಕೆ ಬರುತ್ತೆ, ನನ್ನ ಹತ್ರ ಒಂದು ಮಾತಿಗೂ ಗತಿಯಿಲ್ವಾ?"

ಅವನು ಎದ್ದು ಬಂದು ಅವಳ ಮೆಟ್ಟಿಲಲ್ಲೇ ಕೂತ. ಅಂಗೈ ಪ್ಯಾಂಟಿಗೆ ಒರೆಸಿಕೊಂಡ.

"ಇನ್ಮೇಲೆ ಏನೇ ಆದ್ರೂ ಕೇಳಿಯೇ ಮಾಡ್ತೀನಿ. ಅದಕ್ಕೇ ಈಗಲೂ ಕೇಳ್ತಿದ್ದೀನಿ... ನಿನ್ನ ಪ್ರೀತಿಸ್ತೀನಿ ಅಂತ ಹೇಳಬಹುದಾ?"

ಅವಳ ಕಣ್ಣು ತುಂಬಿತು. ತುಂಬಿದ ಕಣ್ಣಲ್ಲೇ ಅವನ ತೋಳಿಗೆ ಒಂದು ಗುದ್ದು ಕೊಟ್ಟಳು, ಜೋರಾಗಿಯೇ.

"ಕೇಳ್ದೇನೇ ಹೇಳ್ಬೇಕಾದ ಮಾತು ಅದೊಂದೇ ಕಣೋ, ದಡ್ಡ! ಅದಕ್ಕೇ ಆರು ತಿಂಗಳು ಕಾಯಿಸ್ತೀಯಲ್ಲ!"